ವಿದ್ಯೆಯ ಋಣ

1903ರಲ್ಲಿ ಭೌತವಿಜ್ಞಾನಕ್ಕೂ 1911ರಲ್ಲಿ ರಸಾಯನವಿಜ್ಞಾನಕ್ಕೂ ನೊಬೆಲ್ ಪಾರಿತೋಷಕ ಪಡೆದ ಮೇಡಂ ಕ್ಯೂರಿಯ ಹುಟ್ಟುಹೆಸರು ಮಾರ್ಯಾ ಸ್ಕ್ಲೊಡೊವ್ಸ್ಕಾ. 1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಆಕೆ ಜನಿಸಿದಳು. ಆಗ ಪೋಲೆಂಡ್ ಸ್ವತಂತ್ರ ದೇಶವಾಗಿರಲಿಲ್ಲ. ನೆರೆಯ ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ವಾರ್ಸಾ ನಗರವು ರಷ್ಯದ ಜಾರ್ ಚಕ್ರವರ್ತಿಯ ಅಧೀನದಲ್ಲಿತ್ತು.

ಶಾಲೆಗಳಲ್ಲಿ ರಷ್ಯನ್ ಭಾಷೆಯಲ್ಲಿಯೇ ಪಾಠ ನಡೆಯಬೇಕೆಂಬುದು ಸರಕಾರದ ಕಟ್ಟಪ್ಪಣೆ. ಆದರೂ ಮಾರ್ಯಾ ಓದುತ್ತಿದ್ದ ಶಾಲೆಯಲ್ಲಿ ಪೋಲೆಂಡಿನ ಚರಿತ್ರೆಯನ್ನು ಪೋಲಿಷ್ ಭಾಷೆಯಲ್ಲಿ ಗುಟ್ಟಾಗಿ ಕಲಿಸುತ್ತಿದ್ದರು. ತನಿಖಾಧಿಕಾರಿ ಬರುವ ಸುಳಿವು ಸಿಕ್ಕೊಡನೆ ಪುಸ್ತಕಗಳು ಮಾಯವಾಗಿ ಬಾಲಕಿಯರ ಕೈಯಲ್ಲಿ ಹೊಲಿಗೆಯ ಬಟ್ಟೆ ಕಾಣಿಸಿಕೊಳ್ಳುತ್ತಿತ್ತು. ರಷ್ಯನ್ನಿನಲ್ಲಿ ಉತ್ತರ ಹೇಳುವ ಸರದಿ ಹೆಚ್ಚಾಗಿ ಮಾರ್ಯಾಳದೇ. ಒಮ್ಮೆ ಎಲ್ಲ ಪ್ರಶ್ನೆಗಳಿಗೂ ತಪ್ಪಿಲ್ಲದೆ ಉತ್ತರಿಸಿದ ಆಕೆ, ಅಧಿಕಾರಿ ಹೊರಟುಹೋದ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಉಪಾಧ್ಯಾಯರಾಗಿದ್ದ ಆಕೆಯ ತಂದೆಯನ್ನು ರಷ್ಯನ್ ಅಧಿಕಾರಿಗಳು ಕೆಲಸದಿಂದ ಕೆಳಗಿಳಿಸಿದ್ದರು. ಮನೆಯಲ್ಲಿ ಬಡತನ ನೆಲೆಸಿತ್ತು.

1883ರಲ್ಲಿ ಚಿನ್ನದ ಪದಕದೊಡನೆ ಶಾಲೆಯ ವಿದ್ಯಾಭ್ಯಾಸ ಮುಗಿಯಿತು. ವಾರ್ಸಾ ವಿಶ್ವವಿದ್ಯಾಲಯದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಪೊಲೀಸರ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಸಾಗುತ್ತಿದ್ದ ಗುಪ್ತ ತರಗತಿಗಳಲ್ಲಿ ಆಕೆ ಕಲಿತಳು. ಜನರು ಅದನ್ನು ಹಾರುವ ವಿಶ್ವವಿದ್ಯಾಲಯವೆಂದು ಕರೆಯುತ್ತಿದ್ದರು. ಅಕ್ಕ ಬ್ರೋನ್ಯಾ ಪ್ಯಾರಿಸ್ಸಿನಲ್ಲಿ ವೈದ್ಯಶಾಸ್ತ್ರ ಓದಲೆಂದು ತಾನು ಸಿರಿವಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಹಣ ಕಳುಹಿಸಿದಳು. ಆ ದಿನಗಳಲ್ಲಿಯೇ ಹಳ್ಳಿಯ ರೈತಮಕ್ಕಳಿಗೆ ಪೋಲಿಷ್ ಅಕ್ಷರಗಳನ್ನು ಕಲಿಸಿದಳು. ಅದು ರಾಜ್ಯದ ದೃಷ್ಟಿಯಲ್ಲಿ ಅಪರಾಧವಾಗಿತ್ತು.

ತನ್ನ ಸರದಿ ಬಂದುದು 1891ರಲ್ಲಿ. ಪ್ಯಾರಿಸ್ಸಿನ ಸಾರ್ಬಾನ್ ವಿಶ್ವವಿದ್ಯಾಲಯವನ್ನು ಸೇರಿದ ಮೇರಿ, ಮನೆಯೊಂದರ ಮಾಳಿಗೆಯ ಕೋಣೆಯಲ್ಲಿ ಚಳಿಯನ್ನೂ ಹಸಿವನ್ನೂ ಸಹಿಸಿಕೊಂಡು ಓದಿದಳು. 1893ರಲ್ಲಿ ಭೌತವಿಜ್ಞಾನದ ಪದವಿ ಪರೀಕ್ಷೆಯಲ್ಲಿ ಮೊದಲಿಗಳಾದಳು. ಗಣಿತದ ಪದವಿಯನ್ನೂ ಪಡೆಯಬೇಕೆಂಬ ಹಂಬಲವಿತ್ತು. ಆದರೆ ಕೈ ಬರಿದಾಗಿತ್ತು. ಬೇಸಗೆಯ ರಜೆಗೆ ಊರಿಗೆ ಬಂದವಳು ಮತ್ತೆ ಪ್ಯಾರಿಸ್ಸಿಗೆ ಹೋಗುವುದೇ ಅನುಮಾನವಾಯಿತು. ಆಗ ಗೆಳತಿಯೊಬ್ಬಳ ಪ್ರಯತ್ನದಿಂದ ಅಲೆಕ್ಸಾಂಡ್ರೊವಿಚ್ ವಿದ್ಯಾರ್ಥಿವೇತನ ದೊರೆಯಿತು. ಪರದೇಶದಲ್ಲಿ ವ್ಯಾಸಂಗ ಮುಂದುವರಿಸಬಯಸುವ ಅರ್ಹ ವಿದ್ಯಾರ್ಥಿಗಳಿಗೆ ಮೀಸಲಾದ ನಿಧಿ ಅದು. ಮೊತ್ತ 600 ರೂಬಲ್. ಉಳ್ಳವರಿಗೆ ಅದು ಅಲ್ಪ ಹಣವೆನಿಸಬಹುದು. ಮೇರಿಯ ಮಿತವ್ಯಯಕ್ಕೆ ಹದಿನೈದು ತಿಂಗಳ ಬದುಕು. 1894ರಲ್ಲಿ ಗಣಿತದ ಪದವಿಯೂ ಕೈಸೇರಿತು. ಈ ಸಲ ಎರಡನೆಯ ಸ್ಥಾನ.

ಆ ಹಣ ಸಾಲವಲ್ಲ. ಅದನ್ನು ಹಿಂದಿರುಗಿಸಬೇಕೆಂಬ ನಿಯಮವೂ ಇರಲಿಲ್ಲ. ಆದರೆ ಅದು ತನ್ನಲ್ಲಿ ಉಳಿದಷ್ಟು ಕಾಲ ತನ್ನಂತಹ ಇನ್ನೊಬ್ಬ ಬಡ ಹುಡುಗಿಯ ದಾರಿ ಮುಚ್ಚಿರುವುದೆಂದು ಮೇರಿಗೆ ಅನ್ನಿಸಿತು. ಉಕ್ಕಿನ ಕಾಂತಗುಣವನ್ನು ಕುರಿತ ಸಂಶೋಧನೆಗಾಗಿ ಸಂಸ್ಥೆಯೊಂದು ಆಕೆಗೆ ಸಂಭಾವನೆ ನೀಡಿತು. ಅದು ವಿಜ್ಞಾನದಿಂದ ಬಂದ ಮೊದಲ ಗಳಿಕೆ. ಅದರಿಂದ ಉಳಿಸಿ ಉಳಿಸಿ 600 ರೂಬಲ್ ಕೂಡಿಸಿ ವಾರ್ಸಾದ ನಿಧಿಗೆ ತಲುಪಿಸಿದಳು. ನಿಧಿಯ ಕಾರ್ಯದರ್ಶಿ ಬೆರಗಾದರು. ಅಲ್ಲಿಯವರೆಗೆ ಯಾವ ವಿದ್ಯಾರ್ಥಿಯೂ ಹಾಗೆ ಹಣವನ್ನು ಮರಳಿಸಿರಲಿಲ್ಲ.