ರೂವಾರಿ ಮಲ್ಲಿತಮ್ಮ: ನಮ್ಮ ಸೀಮೆಯ ಕಲ್ಲಿನಲ್ಲಿ ಹೆಸರು ಉಳಿಸಿದ ಕಲಾವಿದ

ನಮ್ಮ ಸಹಕಾರ ಸಂಘವು ಇಪ್ಪತ್ತೈದು ವರ್ಷ ತುಂಬಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚರಿತ್ರೆ ಬರೆದುಕೊಡಿ ಅಂತ ಕಾರ್ಯದರ್ಶಿಗಳು ಕೇಳಿದರು. ರಾಜರ ಚರಿತ್ರೆ, ಮಂತ್ರಿಗಳ ಚರಿತ್ರೆ ನಾವು ಬೇಕಾದಷ್ಟು ಓದಿದ್ದೇವೆ. ಕೈಯಲ್ಲಿ ಉಳಿ ಹಿಡಿದು ದುಡಿದು ಬದುಕಿದವನೊಬ್ಬನ ವಿಷಯ ಬರೆಯೋಣ ಅನ್ನಿಸಿತು. ಆತ ಸುಮಾರು ಎಂಟುನೂರು ವರ್ಷದ ಹಿಂದಿನವನು. ಹೆಸರು ರೂವಾರಿ ಮಲ್ಲಿತಮ್ಮ.

ನಮ್ಮ ಕಡೆ ಯಾವ ಹಳೇ ಗುಡಿ ತೋರಿಸಿ ಕೇಳಿದರೂ ಜಕಣಾಚಾರಿ ಕಟ್ಟಿದ್ದು ಅಂತಾರೆ. ಜಕಣಾಚಾರಿ, ಡಂಕಣಾಚಾರಿ, ಕಪ್ಪೆ ಇದ್ದ ಕಲ್ಲು, ಕೈದಾಳದಲ್ಲಿ ಕೈ ಬಂದ ಕಥೆ ಎಲ್ಲ ನಾವು ಅಜ್ಜಿಯರ ಬಾಯಲ್ಲಿ ಕೇಳಿ ಬೆಳೆದವರು. ಕಥೆ ಚೆನ್ನಾಗಿದೆ, ಬೇಡ ಅನ್ನೋದಿಲ್ಲ. ಆದರೆ ಗುಡಿಯ ಕಲ್ಲುಗಳನ್ನೇ ಓದಿದ ವಿದ್ವಾಂಸರಿಗೆ ಸಿಕ್ಕಿದ್ದು ಬೇರೆ ಹೆಸರುಗಳು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರಿದೆ. ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ಹತ್ತಿರದ ಗೋವಿಂದನಹಳ್ಳಿಯಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ರೂಪಕಾರ ಎಂಬ ಮಾತೇ ಆಡುಮಾತಿನಲ್ಲಿ ಸವೆದು ರೂವಾರಿ ಆಗಿದೆ. ರೂಪ ಕೊಡುವವನು, ಅಂದರೆ ಶಿಲ್ಪಿ ಎಂದು ಅರ್ಥ. ಈಗ ಪೇಪರಿನಲ್ಲಿ ಯೋಜನೆಯ ರೂವಾರಿ ಅಂತ ಬರೆಯುತ್ತಾರಲ್ಲ, ಅದೇ ಮಾತು.

ಮಲ್ಲಿತಮ್ಮನ ತಂದೆತಾಯಿ, ಹುಟ್ಟಿದೂರು, ಹೆಂಡತಿ ಮಕ್ಕಳ ವಿಚಾರವನ್ನು ಯಾವ ಕವಿಯೂ ಬರೆದಿಟ್ಟಿಲ್ಲ. ಅವನ ಜಾತಕವೆಲ್ಲ ಕಲ್ಲಿನಲ್ಲೇ ಇದೆ. ಯಾವ ವರ್ಷ ಯಾವ ಊರಿನ ಗುಡಿಯಲ್ಲಿ ಕೆಲಸ ಮಾಡಿದ ಎಂಬುದನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಒಂದು ಜೀವಮಾನವೇ ಕಾಣುತ್ತದೆ.

ಅವನ ಕೆಲಸ ಶುರುವಾಗುವುದು ಅಮೃತಾಪುರದಲ್ಲಿ. ಇದು ಚಿಕ್ಕಮಗಳೂರು ಜಿಲ್ಲೆ ತರೀಕೆರೆ ತಾಲ್ಲೂಕಿನ ಊರು. ಹೊಯ್ಸಳರ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಅಲ್ಲಿ ಅಮೃತೇಶ್ವರ ದೇವಸ್ಥಾನ ಕಟ್ಟಿಸಿದ. ಅಲ್ಲಿನ ಶಾಸನಕ್ಕೆ ಪದ್ಯ ಬರೆದವನು ಜನ್ನ ಕವಿ. ಹೊರಗೋಡೆಯ ಮೇಲೆ ರಾಮಾಯಣ, ಮಹಾಭಾರತ, ಕೃಷ್ಣನ ಕಥೆ ಎಲ್ಲ ಸೇರಿ 140 ಫಲಕಗಳಿವೆ. ಇಷ್ಟು ದೊಡ್ಡ ಕೆಲಸದಲ್ಲಿ ಮಲ್ಲಿತಮ್ಮನಿಗೆ ಸಿಕ್ಕಿದ್ದು ಮಂಟಪದ ಒಳಗಿನ ಗುಮ್ಮಟದಂಥ ಚಾವಣಿಗಳು. ಇವಕ್ಕೆ ಭುವನೇಶ್ವರಿ ಎನ್ನುತ್ತಾರೆ.

ಇದನ್ನು ಸ್ವಲ್ಪ ಯೋಚನೆ ಮಾಡಬೇಕು. ಗುಡಿಗೆ ಬಂದವರು ಮೊದಲು ನೋಡುವುದು ಗೋಡೆಯನ್ನು, ಆಮೇಲೆ ದೇವರನ್ನು. ತಲೆ ಎತ್ತಿ ಚಾವಣಿ ನೋಡುವವರು ನೂರಕ್ಕೆ ಹತ್ತು ಜನ ಸಿಕ್ಕರೆ ಹೆಚ್ಚು. ಅಂಥ ಜಾಗದಲ್ಲಿ ಒಬ್ಬ ಹೊಸ ಹುಡುಗ ತನ್ನ ಕೈ ತೋರಿಸಬೇಕಾಯಿತು. ಸುತ್ತು ಸುತ್ತಾಗಿ ಒಳಕ್ಕೆ ಹೋಗುವ ಕಲ್ಲಿನ ಬಳೆಗಳು, ನಡುವೆ ಇಳಿಬಿದ್ದ ಮೊಗ್ಗು. ಒಂದು ಸುತ್ತಿನ ಲೆಕ್ಕ ತಪ್ಪಿದರೆ ಮೇಲಿನದೆಲ್ಲ ತಪ್ಪುತ್ತದೆ. ಆಳತೆ, ತಾಳ್ಮೆ, ಗಣಿತ ಮೂರೂ ಗೊತ್ತಿರಬೇಕಾದ ಕೆಲಸ ಅದು. ದೊಡ್ಡ ವಿಗ್ರಹ ಕೊಡಲಿಲ್ಲವೆಂದು ಅವನು ಉಳಿ ಬಿಸಾಕಿ ಹೋಗಿದ್ದರೆ ಇವತ್ತು ಅವನ ಹೆಸರು ಹೇಳುವವರು ಇರುತ್ತಿರಲಿಲ್ಲ.

ಹೊಯ್ಸಳರ ಶಿಲ್ಪಿಗಳಿಗೆ ಅನುಕೂಲವಾಗಿದ್ದದ್ದು ನಮ್ಮ ಬಳಪದ ಕಲ್ಲು. ನೆಲದಿಂದ ಕಿತ್ತಾಗ ಮೆದುವಾಗಿರುತ್ತದೆ, ಗಾಳಿ ಬಿಸಿಲಿಗೆ ಬರುತ್ತಾ ಬರುತ್ತಾ ಗಟ್ಟಿಯಾಗುತ್ತದೆ. ಅದಕ್ಕೇ ಕಿವಿಯ ಓಲೆ, ಕೊರಳ ಸರ, ಬೆರಳ ಉಂಗುರದವರೆಗೆ ಬಿಡಿಸಲು ಆಯಿತು. ಇಂಥ ಗುಡಿಗಳಲ್ಲಿ ಅಲ್ಲಲ್ಲಿ ಅರ್ಧಕ್ಕೆ ನಿಂತ ಕಲ್ಲುಗಳೂ ಇವೆ. ಅವನ್ನು ನೋಡಿದರೆ ಕೆಲಸದ ಹದ ಗೊತ್ತಾಗ್ತದೆ. ಮೊದಲು ಒಟ್ಟು ಆಕಾರ, ಆಮೇಲೆ ಅಂಗಾಂಗ, ಕಡೆಗೆ ಒಡವೆ ಮತ್ತು ಬಳ್ಳಿ. ಮೆದು ಕಲ್ಲು ಅಂತ ಅವಸರ ಮಾಡುವ ಹಾಗಿಲ್ಲ. ಒಂದು ಏಟು ಹೆಚ್ಚಾದರೆ ಮೂಗು ಹೋಯಿತು, ಮತ್ತೆ ಅಂಟಿಸಲು ಬರುವುದಿಲ್ಲ.

ಅಮೃತಾಪುರದ ನಂತರ ಸುಮಾರು ನಲವತ್ತು ವರ್ಷಕ್ಕೆ ಮಲ್ಲಿತಮ್ಮ ನಮ್ಮ ಸೀಮೆಯಲ್ಲಿ ಕಾಣುತ್ತಾನೆ. ಆಗ ಸೋಮೇಶ್ವರನ ಆಳ್ವಿಕೆ. 1238ರ ಸುಮಾರಿನಲ್ಲಿ ಎದ್ದ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಸ್ಥಾನ ನೋಡದವರು ದಯವಿಟ್ಟು ಒಮ್ಮೆ ಹೋಗಿ ನೋಡಿ. ಐದು ಗರ್ಭಗುಡಿ ಒಂದೇ ಸಾಲಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿವೆ, ಮುಂದೆ ಐದನ್ನೂ ಕೂಡಿಸುವ ಉದ್ದನೆಯ ಹಜಾರ. ಈಶಾನೇಶ್ವರ, ತತ್ಪುರುಷೇಶ್ವರ, ಅಘೋರೇಶ್ವರ, ವಾಮದೇವೇಶ್ವರ, ಸದ್ಯೋಜಾತೇಶ್ವರ, ಹೀಗೆ ಶಿವನ ಐದು ಮುಖಕ್ಕೆ ಐದು ಲಿಂಗ. ಹೊಯ್ಸಳರ ಗುಡಿಗಳಲ್ಲಿ ಒಂದು, ಎರಡು, ಮೂರು ಕೂಟ ಸಾಮಾನ್ಯ. ಐದು ಕೂಟದ್ದು ಅಪರೂಪ. ಅಲ್ಲಿನ ದ್ವಾರಪಾಲಕರ ಪೀಠದಲ್ಲಿ ರೂವಾರಿ ಮಲ್ಲಿತಮ್ಮ ಎಂದು ಅಕ್ಷರ ಕೊರೆದಿದೆ. ಚಾವಣಿಯಿಂದ ಶುರು ಮಾಡಿದವನು ಬಾಗಿಲ ಎದುರಿಗೇ, ಎಲ್ಲರ ಕಣ್ಣಿಗೆ ಬೀಳುವ ಜಾಗಕ್ಕೆ ಬಂದಿದ್ದ. ಅದಕ್ಕೆ ನಲವತ್ತು ವರ್ಷ ಹಿಡಿಯಿತು.

ನಂತರ 1246ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ ಲಕ್ಷ್ಮೀನರಸಿಂಹ ದೇವಸ್ಥಾನ ಕಟ್ಟಿಸಿದ. ಅಲ್ಲಿ ದಕ್ಷಿಣದ ಕಡೆ ನಂದಿಯ ಬೈಚೋಜ ಕೆತ್ತಿದ, ಉತ್ತರದ ಕಡೆ ಮಲ್ಲಿತಮ್ಮ ಕೆತ್ತಿದ. ಒಂದೇ ಗುಡಿಗೆ ಇಬ್ಬರು ಒಸ್ತಾದರು! ನಮ್ಮಲ್ಲಿ ಒಂದು ಬಾವಿ ತೋಡಲು ಅಣ್ಣ ತಮ್ಮ ಕೂಡಿ ಬರುವುದೇ ಕಷ್ಟ. ಅಲ್ಲಿ ಇಬ್ಬರೂ ತಮ್ಮ ತಮ್ಮ ಪಾಲು ಮುಗಿಸಿ, ಗುಡಿ ಒಂದೇ ಆಗಿ ಕಾಣುವಂತೆ ಬಿಟ್ಟುಹೋಗಿದ್ದಾರೆ.

ಅವನ ಕೊನೆಯ ದೊಡ್ಡ ಕೆಲಸ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ. ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ್ದು. ಪ್ರತಿಷ್ಠೆಯಾದ ವರ್ಷವನ್ನು ಕೆಲವರು 1258 ಎಂದೂ ಕೆಲವರು 1268 ಎಂದೂ ಹೇಳುತ್ತಾರೆ. ಅಲ್ಲಿನ ಗೋಡೆಯ ವಿಗ್ರಹಗಳಲ್ಲಿ ಸುಮಾರು ನಲವತ್ತು ಮಲ್ಲಿತಮ್ಮನವು. ಪಕ್ಕದಲ್ಲೇ ಮಸಣಿತಮ್ಮ, ಚೌಡಯ್ಯ, ನಂಜಯ್ಯ ಮುಂತಾದವರ ಹೆಸರುಗಳೂ ಇವೆ. ಒಳಗೆ ಹೋಗಿ ತಲೆ ಎತ್ತಿದರೆ ಒಂದರ ಹಾಗೆ ಇನ್ನೊಂದಿಲ್ಲದ ಹದಿನಾರು ಭುವನೇಶ್ವರಿಗಳು. ಅವನ್ನು ನೋಡುವಾಗ ಅಮೃತಾಪುರದ ಆ ಹುಡುಗ ನೆನಪಾಗದೆ ಇರುವುದಿಲ್ಲ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆಗೆ ಸೋಮನಾಥಪುರವೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

1196ರಿಂದ ಇಲ್ಲಿಯವರೆಗೆ ಅರವತ್ತು ವರ್ಷಕ್ಕೂ ಮೇಲಾಯಿತು. ವೀರಬಲ್ಲಾಳ, ಎರಡನೆಯ ನರಸಿಂಹ, ಸೋಮೇಶ್ವರ, ಮೂರನೆಯ ನರಸಿಂಹ, ಹೀಗೆ ನಾಲ್ಕು ಅರಸರ ಕಾಲ. ಮೊದಲ ಗುಡಿಗೆ ಬಂದಾಗ ಇಪ್ಪತ್ತು ವರ್ಷದವನು ಅಂದುಕೊಂಡರೆ ಸೋಮನಾಥಪುರಕ್ಕೆ ಎಂಬತ್ತು ದಾಟಿರಬೇಕು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಪದ್ಧತಿ, ಹಾಗಾಗಿ ಒಬ್ಬನೋ ಇಬ್ಬರೋ ಎಂಬ ಅನುಮಾನ ಬಂದರೆ ತಪ್ಪಲ್ಲ. ಚರಿತ್ರೆ ಬರೆದವರು ಸಾಮಾನ್ಯವಾಗಿ ಒಬ್ಬನೇ ಎಂದು ಎಣಿಸಿ, ನಲವತ್ತಕ್ಕೂ ಹೆಚ್ಚು ಗುಡಿಗಳ ಕೆಲಸವನ್ನು ಅವನ ಲೆಕ್ಕಕ್ಕೆ ಹಾಕಿದ್ದಾರೆ.

ಆ ಕಾಲದ ಕೆಲವು ಶಿಲ್ಪಿಗಳು ಹೆಸರಿನ ಜೊತೆಗೆ ದೊಡ್ಡ ದೊಡ್ಡ ಬಿರುದು ಕೊರೆಸಿಕೊಂಡಿದ್ದಾರೆ. ಮಲ್ಲಿತಮ್ಮ ಎಷ್ಟೋ ಕಡೆ ಮಲ್ಲಿ ಅಂತ, ಇನ್ನೂ ಕೆಲವು ಕಡೆ ಬರೀ ಮ ಅಂತ ಒಂದೇ ಅಕ್ಷರ ಹಾಕಿದ್ದಾನೆ. ಅದೂ ಕೆಲಸ ಮುಗಿಸಿದ ಮೇಲೆ, ಪೀಠದ ಕೆಳಗೆ.

ಇದನ್ನು ನಮ್ಮ ಸಂಘದ ಪುಸ್ತಕದಲ್ಲಿ ಯಾಕೆ ಬರೆದೆ ಎಂದು ಕೇಳಬಹುದು. ಬೆಳಿಗ್ಗೆ ಸಾಯಂಕಾಲ ನಾವು ಡೈರಿಗೆ ಹಾಲು ಹಾಕುತ್ತೇವೆ. ಕ್ಯಾನಿಗೆ ಬಿದ್ದ ಮೇಲೆ ಯಾರ ಹಾಲು ಯಾವುದು ಅಂತ ಗೊತ್ತಾಗುವುದಿಲ್ಲ. ಆದರೆ ಅಳತೆ ಅವರವರದು, ಫ್ಯಾಟು ಅವರವರದು, ಪುಸ್ತಕದಲ್ಲಿ ಹೆಸರು ಅವರವರದು. ಗುಡಿಯೂ ಹಾಗೆಯೇ. ಕಟ್ಟಡ ಎಲ್ಲರದು, ವಿಗ್ರಹದ ಕೆಳಗೆ ಮಾಡಿದವನ ಹೆಸರು. ದುಡಿದವನ ಹೆಸರು ಅಳಿಸದೆ ಕೂಡಿ ದುಡಿಯುವುದೇ ಸಹಕಾರ.

ಇನ್ನೊಂದು ಮಾತು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಹುಡುಗನಾಗಿದ್ದಾಗ ದನ ಮೇಯಿಸಲು ಹೋಗಿ ನಾನೂ ಒಂದು ಹಳೇ ಗುಡಿಯ ಗೋಡೆಗೆ ಮೊಳೆಯಲ್ಲಿ ನನ್ನ ಹೆಸರು ಗೀಚಿದ್ದೆ. ಇನ್ನೊಬ್ಬರ ಜೀವಮಾನದ ಕೆಲಸದ ಮೇಲೆ ಎರಡು ನಿಮಿಷದ ನನ್ನ ಹೆಸರು. ಅದು ಇನ್ನೂ ಅಲ್ಲೇ ಇದೆ. ಹೊಸಹೊಳಲಿರಲಿ, ಕಿಕ್ಕೇರಿಯಿರಲಿ, ನಾಗಮಂಗಲದ ಸೌಮ್ಯಕೇಶವ, ಕಂಬದಹಳ್ಳಿಯ ಬಸದಿ, ಪಾಂಡವಪುರ ಕಡೆಯ ತೊಣ್ಣೂರು, ಶ್ರೀರಂಗಪಟ್ಟಣದ ದರಿಯಾ ದೌಲತ್ ಯಾವುದೇ ಇರಲಿ, ಅಲ್ಲಿ ಗೀಚುವುದು, ಕತ್ತಿ ಮಸೆಯುವುದು, ಸುಣ್ಣ ಬಳಿಯುವುದು ಇನ್ನಾದರೂ ನಿಲ್ಲಲಿ.

ನಮ್ಮ ಮನೆಗಳಲ್ಲಿ ಸ್ಲೇಟಿನ ಮೇಲೆ, ಗೋಡೆಯ ಮೇಲೆ ಚಿತ್ರ ಬರೆಯುವ ಮಕ್ಕಳಿದ್ದಾರೆ. ಇದರಿಂದ ಹೊಟ್ಟೆ ತುಂಬುತ್ತದಾ ಅಂತ ಗದರಿಸುತ್ತೇವೆ. ಹೊಟ್ಟೆಯ ಚಿಂತೆ ಸುಳ್ಳಲ್ಲ, ಸಾಲ ಮಾಡಿ ಓದಿಸುವ ತಂದೆಗೆ ಆ ಭಯ ಇದ್ದೇ ಇರುತ್ತದೆ. ಆದರೆ ದಾರಿಯೇ ಇಲ್ಲ ಅನ್ನುವ ಹಾಗಿಲ್ಲ. ಹತ್ತಿರದ ಮೈಸೂರಿನಲ್ಲೇ ಚಾಮರಾಜೇಂದ್ರರ ಹೆಸರಿನ ಸರ್ಕಾರಿ ಕಲಾ ಕಾಲೇಜು ಇದೆ. 2024ರಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ಬಾಲರಾಮನನ್ನು ಕೆತ್ತಿದ ಅರುಣ್ ಯೋಗಿರಾಜ್ ಮೈಸೂರಿನವರೇ. ಮಗುವಿಗೆ ನಿಜವಾಗಿ ಕೈ ಇದ್ದರೆ ಚಾವಣಿಯಂಥ ಸಣ್ಣ ಕೆಲಸದಿಂದಲೇ ಶುರು ಮಾಡಲಿ. ಬೋರ್ಡು ಬರೆಯಲಿ, ಗಣಪತಿ ಮಾಡಲಿ, ಮಾಡಿದ್ದನ್ನು ಶ್ರದ್ಧೆಯಿಂದ ಮಾಡಲಿ. ನಾವು ತಡೆಯದೆ ಇದ್ದರೆ ಸಾಕು.

ಮುಂದಿನ ಸಲ ಗೋವಿಂದನಹಳ್ಳಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ದ್ವಾರಪಾಲಕರ ಪಾದದ ಕೆಳಗೆ ಆ ಹೆಸರು ತೋರಿಸಿ. ಮಲ್ಲಿತಮ್ಮನ ಹಾಗೆ ನಮ್ಮ ಸಂಘವೂ ಅರವತ್ತು ವರ್ಷ ದುಡಿಯಲಿ, ದುಡಿದ ಪ್ರತಿಯೊಬ್ಬ ಸದಸ್ಯರ ಹೆಸರೂ ಅದರಲ್ಲಿ ಉಳಿಯಲಿ ಎಂದು ಹಾರೈಸುತ್ತೇನೆ.