ಹಂಚಿನ ಪ್ಲೆಬ್‌ಸ್ಟ್ ದೊರೆ

ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಜಾರ್ಜ್ ಪ್ಲೆಬ್‌ಸ್ಟರು ಮೂಲದಲ್ಲಿ ಅಚ್ಚುಕೂಟದವರೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿಯದಿರಬಹುದು. ಜರ್ಮನ್ ದೇಶದವರಾದ ಇವರು 1851ರಲ್ಲಿ ಬಾಸೆಲ್ ಮಿಶನಿನ ಮುದ್ರಣಕಾರ್ಯಕ್ಕಾಗಿ ಇಲ್ಲಿಗೆ ಬಂದರು. ಅದಕ್ಕೆ ಮುಂಚೆ, 1841ರಿಂದ, ಇಲ್ಲಿದ್ದುದು ಕಲ್ಲಚ್ಚು. ಬಿಡಿ ಮೊಳೆಗಳ ಕನ್ನಡ ಅಚ್ಚು ಈ ಊರಲ್ಲಿ ನೆಲೆಗೊಂಡುದು ಇವರ ಕಾಲದಲ್ಲಿ. ಮೊಳೆಯ ಬೆಲೆಯನ್ನು ಬಲ್ಲ ನಮ್ಮಂಥವರು ಈ ಉಪಕಾರವನ್ನೇ ಮೊದಲು ನೆನೆಯುವುದು ಸಹಜ.

ಆದರೆ ಅವರ ಹೆಸರು ಉಳಿದುದು ಮಣ್ಣಿನಿಂದ. ಮತಾಂತರ ಹೊಂದಿ ಮನೆಯನ್ನೂ ಕುಲವೃತ್ತಿಯನ್ನೂ ಕಳಕೊಂಡವರಿಗೆ ಜೀವನೋಪಾಯವನ್ನು ಒದಗಿಸುವುದು ಮಿಶನಿಗೆ ದೊಡ್ಡ ಚಿಂತೆಯಾಗಿತ್ತು. ನೇಯ್ಗೆಯನ್ನು ಹೂಡಿದ್ದರೂ ಅದು ಸಾಲಲಿಲ್ಲ. ಪ್ಲೆಬ್‌ಸ್ಟರು ಹೊಳೆಬದಿಯ ಜೇಡಿಮಣ್ಣನ್ನು ಪರೀಕ್ಷಿಸಿ, ಯುರೋಪಿನಲ್ಲಿ ಆಗ ಬಳಕೆಗೆ ಬಂದಿದ್ದ, ಒಂದರ ಅಂಚಿಗೊಂದು ಕೂಡಿಕೊಳ್ಳುವ ಹಂಚನ್ನು ಇಲ್ಲಿ ಒತ್ತಿಸಿದರು. ಇಬ್ಬರು ಆಳು, ಒಂದು ಜೊತೆ ಎತ್ತು, ದಿನಕ್ಕೆ 560 ಹಂಚು: ಆರಂಭ ಇಷ್ಟೇ. ಮುಳಿಹುಲ್ಲಿನ ಮಾಡನ್ನು ವರ್ಷವರ್ಷವೂ ಹೊದಿಸಬೇಕು, ಬೇಸಗೆಯಲ್ಲಿ ಕಿಡಿಗೆ ಅಂಜಬೇಕು. ಜಡಿಮಳೆಗೆ ಸೋರದ ಹಂಚನ್ನು ಜನರು ಒಪ್ಪಿದುದರಲ್ಲಿ ಆಶ್ಚರ್ಯವೇನು? 1868ರಲ್ಲಿಯೇ ಅಲ್ಬುಕರ್ಕರು ಸ್ವಂತ ಕಾರ್ಖಾನೆಯನ್ನು ತೆರೆದರು. ಹೀಗೆ ವಿದ್ಯೆಯು ಮಿಶನಿನ ಗೋಡೆಯನ್ನು ದಾಟಿ ದೇಶೀಯರ ಕೈಸೇರಿತು. ನಮ್ಮ ದೃಷ್ಟಿಯಲ್ಲಿ ಇದೇ ಮುಖ್ಯ ಸಂಗತಿ. ಪ್ರಥಮ ಮಹಾಯುದ್ಧದಲ್ಲಿ ಸರಕಾರವು ಮಿಶನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡು, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿತು. ಆಗಲೂ ಊರಿನ ಉದ್ಯಮವು ನಿಲ್ಲಲಿಲ್ಲ.

ಕಾಂಕ್ರೀಟು ಬಂದ ಮೇಲೆ ನೇತ್ರಾವತಿಯ ದಡದ ಹೆಚ್ಚಿನ ಕಾರ್ಖಾನೆಗಳು ಮುಚ್ಚಿವೆ. ಹಳೆಯ ಮನೆಯ ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರನ್ನೂ ಮಂಗಳೂರಿನ ಹೆಸರನ್ನೂ ಇಂದಿಗೂ ಓದಬಹುದು.