ಅಪೂರ್ಣ ಚಿತ್ರದಲ್ಲಿ ಅಮರರಾದ ಆಂಜೆ ಮುಂಕ್

1961ರ ಸೆಪ್ಟೆಂಬರ್ 20ರಂದು ಪೋಲೆಂಡ್‌ನ ಲೋವಿಚ್ ಬಳಿ ಸಂಭವಿಸಿದ ರಸ್ತೆ ಅಪಘಾತದಲ್ಲಿ ಚಲನಚಿತ್ರ ನಿರ್ದೇಶಕ ಆಂಜೆ ಮುಂಕ್ ಅಸುನೀಗಿದರು. ನಲವತ್ತು ವರ್ಷ ತುಂಬಲು ಅವರಿಗೆ ಇನ್ನೊಂದು ತಿಂಗಳೂ ಉಳಿದಿರಲಿಲ್ಲ. ಅವರ 'ಪ್ಯಾಸೆಂಜರ್' ಚಿತ್ರದ ಚಿತ್ರೀಕರಣ ಅರ್ಧದಲ್ಲಿಯೇ ನಿಂತಿತು.

1921ರಲ್ಲಿ ಕ್ರಾಕೋವ್ ನಗರದ ಯಹೂದಿ ಮೂಲದ ಕುಟುಂಬದಲ್ಲಿ ಜನಿಸಿದ ಮುಂಕ್ ಅವರ ತಾರುಣ್ಯ ಕಳೆದದ್ದು ಪರಕೀಯರ ದಬ್ಬಾಳಿಕೆಯಲ್ಲಿ. 1939ರಲ್ಲಿ ನಾಜಿ ಜರ್ಮನಿಯು ಪೋಲೆಂಡ್ ಮೇಲೆ ದಾಳಿ ಮಾಡಿದ ನಂತರ ಅವರು ವಾರ್ಸಾದಲ್ಲಿ ಗುರುತು ಮರೆಸಿಕೊಂಡು ಬದುಕಬೇಕಾಯಿತು. 1944ರ ವಾರ್ಸಾ ದಂಗೆಯಲ್ಲಿ ಅವರೂ ಪಾಲ್ಗೊಂಡರು. 63 ದಿನಗಳ ಆ ಹೋರಾಟ ಸೋಲಿನಲ್ಲಿ ಕೊನೆಗೊಂಡಿತು.

ಯುದ್ಧಾನಂತರ ಲೋಡ್ಜ್ ಚಲನಚಿತ್ರ ಶಾಲೆಯಲ್ಲಿ ಕಲಿತು, ಸಾಕ್ಷ್ಯಚಿತ್ರಗಳ ಮೂಲಕ ಚಿತ್ರರಂಗ ಪ್ರವೇಶಿಸಿದರು. ದಂಗೆಯಲ್ಲಿ ಭಾಗಿಯಾಗಿದ್ದರೂ ಅದರ ವೈಭವೀಕರಣ ಅವರಿಗೆ ಒಗ್ಗಲಿಲ್ಲ. 1958ರಲ್ಲಿ ತೆರೆಕಂಡ 'ಎರೋಯಿಕಾ' ಚಿತ್ರದ ಮೊದಲ ಭಾಗದ ನಾಯಕ, ಒಲ್ಲದ ಮನಸ್ಸಿನಿಂದಲೇ ದಂಗೆಯ ಕೆಲಸಕ್ಕೆ ಇಳಿಯುವ ಕಾಳಸಂತೆ ವ್ಯಾಪಾರಿ. ಎರಡನೆಯ ಭಾಗದ ಯುದ್ಧಕೈದಿಗಳು, ಜೊತೆಗಾರನೊಬ್ಬ ಸೆರೆಯಿಂದ ಪಾರಾದನೆಂದು ನಂಬಿ ಧೈರ್ಯ ತಂದುಕೊಳ್ಳುತ್ತಾರೆ. ಆತ ಅಡಗಿರುವುದು ಅದೇ ಶಿಬಿರದ ಅಟ್ಟದಲ್ಲಿ.

'ಪ್ಯಾಸೆಂಜರ್' ಇನ್ನೂ ಕಠಿಣವಾದ ಹಾದಿ ಹಿಡಿಯಿತು. ಆಶ್ವಿಟ್ಜ್ ಶಿಬಿರದ ನರಕದಿಂದ ಬದುಕಿ ಬಂದ ಲೇಖಕಿ ಝೋಫಿಯಾ ಪೋಸ್ಮಿಶ್ ಅವರ ರೇಡಿಯೊ ನಾಟಕ ಅದಕ್ಕೆ ಆಧಾರ. ಕೈದಿಯಾಗಿದ್ದ ಲೇಖಕಿ, ಕಥೆಯನ್ನು ಕಾವಲುಗಾರ್ತಿಯ ದೃಷ್ಟಿಯಿಂದ ಹೇಳಿದ್ದು ವಿಶೇಷ. ಯುದ್ಧ ಮುಗಿದು ವರ್ಷಗಳ ನಂತರ ಹಡಗಿನಲ್ಲಿ ಪತಿಯೊಡನೆ ಪ್ರಯಾಣಿಸುವ ಲೀಸಾ, ಶಿಬಿರದಲ್ಲಿ ತನ್ನ ಕೈಕೆಳಗಿದ್ದ ಮಾರ್ತಾಳನ್ನು ಹೋಲುವ ಮಹಿಳೆಯನ್ನು ಕಾಣುತ್ತಾಳೆ. ಪತಿಯ ಮುಂದೆ ತಾನು ಮಾರ್ತಾಳಿಗೆ ನೆರವಾದೆನೆಂದು ಹೇಳಿಕೊಳ್ಳುತ್ತಾಳೆ. ಒಂಟಿಯಾದಾಗ ಕಾಡುವ ನೆನಪುಗಳು ಬೇರೆಯೇ ಕಥೆ ಹೇಳುತ್ತವೆ. ಶಿಬಿರದ ದೃಶ್ಯಗಳನ್ನು ಮುಂಕ್ ಆಶ್ವಿಟ್ಜ್‌ನಲ್ಲಿಯೇ ಚಿತ್ರೀಕರಿಸಿದರು.

ಮುಂಕ್ ಅವರ ನಿಧನದ ನಂತರ ಚಿತ್ರದ ಹೊಣೆ ಹೊತ್ತವರು ಗೆಳೆಯ ವಿಟೋಲ್ಡ್ ಲೆಸಿಯೆವಿಚ್. ಅಗಲಿದ ನಿರ್ದೇಶಕನ ಮನಸ್ಸಿನಲ್ಲಿದ್ದ ಮುಕ್ತಾಯವನ್ನು ಊಹಿಸಿ ಕಲ್ಪಿಸಲು ಅವರು ಮುಂದಾಗಲಿಲ್ಲ. ಹಡಗಿನ ಭಾಗವನ್ನು ಸ್ಥಿರಚಿತ್ರಗಳಲ್ಲಿ ಜೋಡಿಸಿ, ನಿರೂಪಣೆಯ ದನಿ ಸೇರಿಸಿ, ಕೊರತೆಯನ್ನು ಮರೆಮಾಚದೆ ಪ್ರೇಕ್ಷಕರ ಮುಂದಿಟ್ಟರು. ಸುಮಾರು ಒಂದು ಗಂಟೆಯ ಈ ಚಿತ್ರ 1963ರ ಸೆಪ್ಟೆಂಬರ್ 20ರಂದು, ಮುಂಕ್ ಅವರ ಎರಡನೆಯ ಪುಣ್ಯತಿಥಿಯಂದೇ ತೆರೆಕಂಡಿತು. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿಗೆ ಪಾತ್ರವಾಯಿತು.

ಹಡಗಿನಲ್ಲಿ ಕಂಡ ಮಹಿಳೆ ನಿಜಕ್ಕೂ ಮಾರ್ತಾಳೇ ಎಂಬುದನ್ನು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ದಬ್ಬಾಳಿಕೆ ನಡೆಸಿದವರು ತಮ್ಮ ನೆನಪುಗಳನ್ನು ತಿದ್ದಿಕೊಳ್ಳುವ ಪರಿಯನ್ನು ಮಾತ್ರ ಸ್ಪಷ್ಟವಾಗಿ ತೋರಿಸುತ್ತದೆ.